ಬಂಪರಿನೊಳಗಿನ ಸದ್ದು

ಕರಿಬಸವಯ್ಯ ನಾಲ್ಕನೆಯ ಸಲ ಎಲ್ಲ ಬೋಲ್ಟುಗಳನ್ನೂ ಬಿಗಿದು, ಕಾರಿನ ಕೆಳಗಿನಿಂದ ತೆವಳಿ ಬಂದು, ಹೊಸ ಬಂಪರನ್ನು ಎರಡೂ ಕೈಯಲ್ಲಿ ಹಿಡಿದು ಅಲುಗಿಸಿದ. ಲೊಟಕ್! ಮತ್ತೆ ಅದೇ ಸದ್ದು. "ಇದರವ್ವನ..." ಎಂದು ಶುರು ಮಾಡಿದವನು, ಜಗಲಿಯ ಮೇಲೆ ಹುರುಳಿ ಆರಿಸುತ್ತಿದ್ದ ಹೆಂಡತಿ ಗಂಗಕ್ಕನನ್ನು ಕಂಡು ಉಳಿದದ್ದನ್ನು ನುಂಗಿಕೊಂಡ.

ಹೊಸದೆಂದರೆ ಅಂಥ ಹೊಸದೇನಲ್ಲ, ಬೆಂಗಳೂರಿನ ಗುಜರಿಯಿಂದ ಬಸ್ಸಿನ ಟಾಪಿನ ಮೇಲೆ ಬಂದದ್ದು. ಕಾರೂ ಅಷ್ಟೆ, ಅರವತ್ತೆರಡರ ಅಂಬಾಸಿಡರ್. ಅಮ್ಮಸಂದ್ರದ ಆಫೀಸರೊಬ್ಬರು ಹದಿನೈದು ವರ್ಷ ಓಡಿಸಿ ಸಾಕಾಗಿ ಕೊಟ್ಟದ್ದು. ಹೋದ ವಾರ ತೋಟದಲ್ಲಿ ಹಿಂದಕ್ಕೆ ತೆಗೆಯುವಾಗ ಕರಿಬಸವಯ್ಯ ತಾನೇ ನೆಟ್ಟು ನೀರು ಹಾಕಿ ಬೆಳೆಸಿದ ತೆಂಗಿನ ಮರಕ್ಕೆ ಗುದ್ದಿದ್ದ. ಮರಕ್ಕೇನೂ ಆಗಲಿಲ್ಲ. ಹಿಂದಿನ ಬಂಪರು ಮಾತ್ರ ಕುಡುಗೋಲಿನಂತೆ ಬಾಗಿತು. ತಿಪಟೂರಿನ ಮೆಕ್ಯಾನಿಕ್ ಸದಾಶಿವಯ್ಯನ ಹತ್ತಿರ ಹೋಗಿ, "ನಾನೇ ಹಾಕ್ಕೊಂತೀನಿ, ಯಾವ ಸ್ಪ್ಯಾನರ್ ಬೇಕು ಹೇಳು" ಅಂದದ್ದಕ್ಕೆ ಅವನು ಶೆಡ್ಡಿನವರೆಲ್ಲ ತಿರುಗಿ ನೋಡುವಂತೆ ನಕ್ಕಿದ್ದ.

"ಯಜಮಾನ್ರೇ, ಇದು ಗಾಡಿಗೆ ನೊಗ ಕಟ್ಟಿದಂಗಲ್ಲ. ನಿಮ್ ಕೈಯಾರ ಹಾಕ್ಕೊಂಡು, ಬರೋ ಸೋಮವಾರ ಒಂದ್ ಸದ್ದಿಲ್ದಂಗೆ ನನ್ ಶೆಡ್ಡಿನ ಮುಂದೆ ತಂದು ನಿಲ್ಸಿ. ಆಮೇಲೆ ಮಾತಾಡಾನ."

ನಾಳೆಯೇ ಸೋಮವಾರ. ಬಂಪರು ಹೀಗೆ ಬಡಿದುಕೊಂಡರೆ ತಿಪಟೂರಿನಲ್ಲಿ ತಲೆಯೆತ್ತಿ ಓಡಾಡುವುದು ಹೇಗೆ?

"ಎಲ್ಲಾ ನಿನ್ನಿಂದ್ಲೇ ಕಣೇ," ಎಂದು ಹೆಂಡತಿಯ ಮೇಲೆ ಹರಿಹಾಯ್ದ. "ಬೆಳಿಗ್ಗೆ ಕಸ ಗುಡ್ಸೋ ಭರದಾಗೆ ನನ್ ಅಸಲಿ ನಟ್ಟು ತಿಪ್ಪೆಗೆ ಹಾಕ್ದೆ. ಪಂಪ್‌ಸೆಟ್ಟಿನ ನಟ್ಟು ಹಾಕಿದ್ಕೇ ಹಿಂಗೆ ಬಡ್ಕೊಂತೈತೆ."

ಕುಣಿಯಲು ಬಾರದವನಿಗೆ ನೆಲ ಡೊಂಕು. ಆ ಒಂದು ನಟ್ಟಿಗಾಗಿ ಗಂಗಕ್ಕ ಆಗಲೇ ಇಡೀ ತಿಪ್ಪೆ ಕೆದಕಿ, ಕೈ ತೊಳೆದು ಬಂದಿದ್ದಳು. ಮೊರ ಕೆಳಗಿಟ್ಟು ಎದ್ದಳು.

"ಇನ್ನೊಂದ್ ಸಲ ಅಲ್ಲಾಡ್ಸಿ."

ಅಲುಗಿಸಿದ. ಲೊಟಕ್.

"ಬಿಗಿ ಸಾಲದ ಸದ್ದಲ್ಲ ಕಣ್ರೀ ಇದು. ಒಳಗೆ ಏನೋ ಆಡ್ತೈತೆ. ಚಿಪ್ಪು ಬಿಟ್ಟ ಕೊಬ್ಬರಿ ಸದ್ದು."

"ಇದು ನಿನ್ ಅಟ್ಟ ಅಲ್ಲ ಕಣೇ, ಅಂಬಾಸಿಡರ್ರು!"

ಅಟ್ಟದ ಮೇಲೆ ವರ್ಷವಿಡೀ ಒಣಗುವ ಕಾಯಿಗಳನ್ನು ಒಂದೊಂದಾಗಿ ಕಿವಿಯ ಹತ್ತಿರ ಹಿಡಿದು ಅಲುಗಿಸಿ, ಯಾವುದರಲ್ಲಿ ಇನ್ನೂ ನೀರಿದೆ, ಯಾವುದರಲ್ಲಿ ಕೊಬ್ಬರಿ ಚಿಪ್ಪು ಬಿಟ್ಟು ಉಂಡೆಯಾಗಿ ಆಡುತ್ತಿದೆ ಎಂದು ಹೇಳುವವಳು ಆ ಮನೆಯಲ್ಲಿ ಗಂಗಕ್ಕನೇ. ಮದುವೆಯಾಗಿ ಬಂದ ಇಪ್ಪತ್ತು ವರ್ಷದಲ್ಲಿ ಅವಳು ಸುಲಿಯಿರಿ ಎಂದ ಒಂದು ಕಾಯಿಯೂ ಹಸಿಯಿದ್ದದ್ದಿಲ್ಲ. ಇದು ಅವರೂರು ದಂಡಿನಶಿವರಕ್ಕೆಲ್ಲ ಗೊತ್ತು. ಕರಿಬಸವಯ್ಯನಿಗೂ ಗೊತ್ತು, ಅವತ್ತು ಮಾತ್ರ ಮರೆತಿತ್ತು.

ಅವಳು ಕಾರಿನ ಹಿಂದೆ ಕುಕ್ಕರಗಾಲಲ್ಲಿ ಕೂತು ಬಂಪರಿನ ಉದ್ದಕ್ಕೂ ಬೆರಳಿನ ಗೆಣ್ಣಿನಿಂದ ಕುಟ್ಟುತ್ತ ಹೋದಳು. ಎರಡು ಕಡೆ ಕೊಂಬಿನಂತೆ ನಿಂತ ತುಂಡುಗಳಲ್ಲಿ ಎಡಗಡೆಯದಕ್ಕೆ ಕಿವಿ ಆನಿಸಿ, "ಈಗ ಅಲ್ಲಾಡ್ಸಿ" ಅಂದಳು. ಲೊಟಕ್. "ಇದೇ. ಬಿಚ್ಚಿ."

ಕರಿಬಸವಯ್ಯ ಗೊಣಗುತ್ತಲೇ ಬಿಚ್ಚಿದ. ಟೊಳ್ಳು ಕೊಂಬು ಕೈಗೆ ಬಂದದ್ದೇ ತಡ, ಅದರೊಳಗಿಂದ ಒಂದು ನಟ್ಟು ಉರುಳಿ ಅವನ ಪಾದದ ಮೇಲೆ ಬಿತ್ತು. ಬೆಳಿಗ್ಗೆ ಕಳೆದುಹೋಗಿದ್ದ ಅಸಲಿ ನಟ್ಟು! ಅದನ್ನು ಒಳಗೆ ಬೀಳಿಸಿ, ಮೇಲೆ ಮುಚ್ಚಿ ಬಿಗಿದವನು ತಾನೇ.

ಗಂಗಕ್ಕ ಪೊರಕೆಯನ್ನು ತಂದು ಅವನ ಕಣ್ಣೆದುರಿಗೇ ಗೋಡೆಗೆ ಒರಗಿಸಿ ಒಳಗೆ ಹೋದಳು.

ಮಾರನೆಯ ದಿನ ಕರಿಬಸವಯ್ಯ, "ನೀನೂ ಬಾ, ದಾರೀಲಿ ಸದ್ದು ಬಂದ್ರೆ ಹೇಳು" ಎಂದು ಅವಳನ್ನು ಹಿಂದಿನ ಸೀಟಿನಲ್ಲಿ ಕೂರಿಸಿಕೊಂಡ. ತಿಪಟೂರಿನ ತನಕ ರಸ್ತೆಯ ಗುಂಡಿ ಒಂದೂ ತಪ್ಪಲಿಲ್ಲ, ಗಂಗಕ್ಕ ತುಟಿ ಬಿಚ್ಚಲಿಲ್ಲ. ಅವನ ಎದೆ ಮೈಲಿಗೊಂದು ಗೇಣು ಹಿಗ್ಗುತ್ತ ಹೋಯಿತು.

ಸದಾಶಿವಯ್ಯ ಬಂಪರನ್ನು ಹಿಡಿದು ಜಗ್ಗಿದ. ಮೇಲೆ ಹತ್ತಿ ಕುಣಿದ. ಕೆಳಗೆ ಬಗ್ಗಿ ನೋಡಿದ. ಬಂಪರು ತುಟಿಪಿಟಕ್ ಅನ್ನಲಿಲ್ಲ.

"ನಿಜ ಹೇಳಿ ಯಜಮಾನ್ರೇ. ಯಾರ ಕೈಲಿ ಹಾಕಿಸ್ದ್ರಿ? ತುರುವೇಕೆರೇಲಾ?"

ಈ ಪ್ರಶ್ನೆಗೆ ಕರಿಬಸವಯ್ಯ ವಾರದಿಂದ ಉತ್ತರ ಹೊಸೆದು ಇಟ್ಟುಕೊಂಡಿದ್ದ. ಇದೇ ಕೈ ಕಣಪ್ಪ, ಇನ್ಯಾರದ್ದು! ಬಾಯಿ ತೆರೆದವನು ಯಾಕೋ ಹಿಂದಿನ ಸೀಟಿನ ಕಡೆ ನೋಡಿದ.

"ಕೈ ನಂದು," ಅಂದ. "ಕಿವಿ ನಮ್ಮನೆಯವಳದ್ದು."

ಹಾಗೆಂದ ಮೇಲೆ ಜಂಬ ಕಡಿಮೆಯಾಗಬೇಕಿತ್ತು. ಎರಡರಷ್ಟಾಯಿತು.

"ಕಿವಿನಾ? ಬಂಪರಿಗೆ ಕಿವಿ ಯಾಕ್ರೀ?" ಸದಾಶಿವಯ್ಯ ಮತ್ತೆ ಅದೇ ನಗು ತೆಗೆದ. ಅಷ್ಟರಲ್ಲಿ ಶೆಡ್ಡಿನೊಳಗೆ ನಿಂತಿದ್ದ ನೀಲಿ ಫಿಯೆಟ್ಟಿನ ಬಾಗಿಲನ್ನು ಯಾರೋ ದಡಾರನೆ ಹಾಕಿದರು. ಗಂಗಕ್ಕ ಕಾರಿನಿಂದಿಳಿದು ತಲೆಯ ಮೇಲಿನ ಸೆರಗನ್ನು ಕಿವಿಯ ಹಿಂದಕ್ಕೆ ಸರಿಸಿದಳು.

"ಅದ್ರಲ್ಲೂ ಒಂದು ಚಿಪ್ಪು ಬಿಟ್ಟೈತೆ ಕಣಪ್ಪ. ಬಾಗಿಲೊಳಗೆ, ಕೆಳಗಡೆ ಮೂಲೇಲಿ."

ಅದೇ ಸದ್ದನ್ನು ಹುಡುಕುತ್ತ ಮೂರು ದಿನದಿಂದ ಆ ಫಿಯೆಟ್ಟಿನ ನಾಲ್ಕೂ ಚಕ್ರ ಬಿಚ್ಚಿ ಹಾಕಿದ್ದ ಸದಾಶಿವಯ್ಯನ ನಗು ಅರ್ಧಕ್ಕೇ ನಿಂತಿತು.

"ತಗೊಳಪ್ಪ, ಬಿಚ್ಚು," ಎಂದು ಕರಿಬಸವಯ್ಯ ತನ್ನ ಸ್ಕ್ರೂಡ್ರೈವರನ್ನು ಅವನ ಕೈಗಿಟ್ಟು, ಹೆಂಡತಿಗೆ ಮುಂದಿನ ಸೀಟಿನ ಬಾಗಿಲು ತೆರೆದು ಹಿಡಿದ.