ಮುಕ್ಕಾಲು ಹಳೇ ನೀರು

ಜಡ್ಜ್ ಸಾಹೇಬರು ಬಾಯಿ ಮೇಲೆತ್ತಿ ಗಾಳಿಗಾಗಿ ಒದ್ದಾಡುತ್ತಿದ್ದರು.

ಸಾಹೇಬರೆಂದರೆ ವಕೀಲರ ಕಚೇರಿಯ ಗಾಜಿನ ತೊಟ್ಟಿಯ ದಪ್ಪ ಕರಿ ಮೀನು. ‘ಅಡ್ಡಬಾಯಿ ಹಾಕದೆ ನನ್ನ ವಾದ ಕೇಳೋ ಜಡ್ಜ್ ಇವರೊಬ್ಬರೇ’ ಎಂದು ವಕೀಲರೇ ಇಟ್ಟ ಹೆಸರು. ಜೊತೆಯ ಮೂರು ಕೆಂಪು ಮೀನುಗಳೂ ನೀರಿನ ಮೇಲ್ಗಡೆಯೇ ಸುಳಿಯುತ್ತಿದ್ದವು. ಬೆಳಿಗ್ಗೆ ಬಾಗಿಲು ತೆರೆದಾಗಲೇ ಫಿಲ್ಟರ್ ನಿಂತಿತ್ತು.

ಗುಮಾಸ್ತೆಗೆ ನಿಂತಲ್ಲಿ ನಿಲ್ಲಲಾಗುತ್ತಿರಲಿಲ್ಲ. ಕೆಲಸಕ್ಕೆ ಸೇರಿ ಮೂರು ವಾರ. ದನಿ ಗಂಟಲು ದಾಟದ ಹುಡುಗಿ. ಜೂನಿಯರ್‌ಗಳು ‘ಪಿಸುಮಾತು’ ಎಂದು ಅಡ್ಡಹೆಸರಿಟ್ಟಿದ್ದರು. ನಿನ್ನೆ ಯಾರೂ ಹೇಳದಿದ್ದರೂ ಫಿಲ್ಟರಿನ ಸ್ಪಂಜನ್ನು ನಲ್ಲಿಯಡಿ ಹಿಡಿದು ಫಳಫಳ ತೊಳೆದಿಟ್ಟವಳು ಅವಳೇ. ಶಭಾಷ್ ಅನ್ನಿಸಿಕೊಳ್ಳುವ ಆಸೆ. ಮೀನು ಸತ್ತರೆ ಏನೆನ್ನಿಸಿಕೊಳ್ಳುತ್ತಾಳೋ.

ರಿಪೇರಿಗೆಂದು ತೊಟ್ಟಿ ಮಾರಿದ ಅಂಗಡಿಗೆ ಫೋನ್ ಮಾಡಿದ್ದಳು. ‘ಜನ ಕಳಿಸ್ತೀನಿ’ ಎಂದಿದ್ದರು. ವಕೀಲರು ಕೋರ್ಟಿನಿಂದ ಬರುವುದು ಹನ್ನೆರಡೂವರೆಗೆ. ‘ಹನ್ನೊಂದಕ್ಕೆ ಪಾರ್ಟಿ ಬರುತ್ತೆ, ಕೂರಿಸು’ ಎಂದಷ್ಟೇ ಹೇಳಿ ಹೋಗಿದ್ದರು. ಪಾರ್ಟಿ ಬಂದಾಗಿತ್ತು. ನಡುವಯಸ್ಸಿನ ಹೆಂಗಸು, ಕುರ್ಚಿಯ ತುದಿಯಲ್ಲಿ ಕೂತು ಒಮ್ಮೆ ಗಡಿಯಾರ, ಒಮ್ಮೆ ಬಾಗಿಲು ನೋಡುತ್ತಿದ್ದರು.

ಹನ್ನೊಂದೂಕಾಲಿಗೆ ಬಾಗಿಲು ಸರಿಯಿತು. ಹೆಗಲಿಗೆ ಚೀಲ, ಅರೆನರೆತ ತಲೆ.

“ಸದ್ಯ ಬಂದ್ರಲ್ಲ ಅಣ್ಣಾ! ಬೇಗ ನೋಡಿ, ಉಸಿರು ಕಟ್ತಾ ಇದೆ.” ಪಿಸುಮಾತಿಗೆ ಅಷ್ಟು ಗಟ್ಟಿ ದನಿ ಎಲ್ಲಿಂದ ಬಂತೋ. ಬಂದವರ ಹೆಸರು ಕೇಳಿ ಪುಸ್ತಕದಲ್ಲಿ ಬರೆಯುವುದು ಅವಳ ಕೆಲಸ. ಅದೂ ಮರೆತುಹೋಯಿತು.

ಆತ ಮೀನನ್ನು ನೋಡಿದ. ಕುರ್ಚಿಯ ಕಡೆ ನೋಡಿದ. ಹೆಂಗಸು ಕಿಟಕಿಯತ್ತ ಮುಖ ತಿರುಗಿಸಿದರು. ಆತ ಚೀಲ ಕೆಳಗಿಟ್ಟು ಅಂಗಿಯ ತೋಳು ಮಡಚಿದ.

“ಊಟ ಹಾಕಿದ್ರಾ?”

“ಸ್ವಲ್ಪ... ಪಾಪ ಅಂತ.”

“ಪಾಪ ಅಂದೇ ಕೊಲ್ತೀವಿ ನಾವು. ಇವತ್ತು ಇವರಿಗೆ ಉಪವಾಸ. ಹಿಡಿದಿಟ್ಟ ನೀರಿದೆಯಾ?”

ನಿನ್ನೆಯೇ ತುಂಬಿಟ್ಟ ಎರಡು ಬಕೆಟ್ ನೀರಿತ್ತು. ಅವಳು ತೊಟ್ಟಿಯನ್ನು ಪೂರ್ತಿ ಖಾಲಿ ಮಾಡಲು ಹೊರಟಳು.

“ಅಯ್ಯೋ, ಬೇಡ ತಾಯಿ! ಕೆಟ್ಟಿದೆ ಅಂತ ಎಲ್ಲಾ ಚೆಲ್ಲಿದ್ರೆ ಆ ಹೊಸ ನೀರಿಗೇ ಸಾಯ್ತಾವೆ. ಕಾಲು ಭಾಗ ತೆಗೀರಿ. ಮುಕ್ಕಾಲು ಹಳೇದೇ ಇರಲಿ.”

“ಬಾಯಲ್ಲಿ ಎಲ್ಲಾ ಚೆನ್ನಾಗಿ ಬರುತ್ತೆ,” ಎಂದರು ಕಿಟಕಿಯ ಕಡೆಯಿಂದ ಹೆಂಗಸು.

ಗುಮಾಸ್ತೆಗೆ ಇರಿಸುಮುರಿಸಾಯಿತು. ಆದರೆ ಅನುಮಾನ ಅವಳಿಗೂ ಇತ್ತು. ಈತ ಫಿಲ್ಟರಿನ ಮೋಟರ್ ಮುಟ್ಟಿರಲಿಲ್ಲ. ಚೀಲದಲ್ಲಿ ಒಂದು ಸ್ಕ್ರೂಡ್ರೈವರ್ ಕೂಡ ಇದ್ದಂತೆ ಕಾಣಲಿಲ್ಲ. ಯಾರನ್ನು ಕಳಿಸಿದರೋ ಆ ಅಂಗಡಿಯವರು!

ಆತ ಹೊಸ ನೀರಿಗೆ ಬೆರಳದ್ದಿದ.

“ಬೆರಳಿಗೆ ಏನು ಗೊತ್ತಾಗುತ್ತೆ? ಮೊಣಕೈ ಅದ್ದಿ ನೋಡಬೇಕು.” ಹೆಂಗಸು ಎದ್ದು ಬಂದಿದ್ದರು. “ಎರಡೂ ನೀರು ಒಂದೇ ಹದಕ್ಕೆ ಇರಬೇಕು.”

“ನಿಮಗೂ ಗೊತ್ತಾ ಮೇಡಂ?” ಎಂದಳು ಗುಮಾಸ್ತೆ.

“ನಮ್ಮನೇಲೂ ತೊಟ್ಟಿ ಇತ್ತು. ಈಗಿಲ್ಲ. ತಂದವರು ಒಬ್ರು, ತೊಳೆದವರು ಒಬ್ರು.”

ಆತ ಮೊಣಕೈ ಅದ್ದಿದ. ಆಮೇಲೆ ತೊಟ್ಟಿಗೂ ಅದ್ದಿ ನೋಡಿದ.

ಕಾಲು ಭಾಗ ನೀರು ಬದಲಾಯಿತು. ಆದರೂ ಜಡ್ಜ್ ಸಾಹೇಬರು ಓರೆಯಾಗಿಯೇ ತೇಲುತ್ತಿದ್ದರು. ಗುಮಾಸ್ತೆಯ ಕಣ್ಣು ತುಂಬಿತು.

“ಗಾಳಿ ಸಾಲದು,” ಎಂದ ಆತ. ಮಗ್ಗಿನಲ್ಲಿ ತೊಟ್ಟಿಯ ನೀರನ್ನೇ ತುಂಬಿ, ಎತ್ತರದಿಂದ ಸಣ್ಣಗೆ ಸುರಿಯತೊಡಗಿದ. ನೊರೆ ಎದ್ದಿತು. ತುಂಬುವುದು, ಎತ್ತುವುದು, ಸುರಿಯುವುದು. ಹತ್ತು ನಿಮಿಷಕ್ಕೆ ಆತನ ತೋಳು ನಡುಗಿತು.

“ಕೊಡಿ ಇಲ್ಲಿ. ಯಾವ ಕೆಲಸ ತಾನೆ ಪೂರ್ತಿ ಮಾಡಿದ್ದೀರಿ?” ಹೆಂಗಸು ಕೈ ಚಾಚಿದರು.

ಮೊದಲ ಸಲ ನೋಡಿದ ರಿಪೇರಿಯವನಿಗೆ ಹೀಗೂ ಅನ್ನುತ್ತಾರಾ! ಆತ ಸಿಟ್ಟಾಗಿ ಹೊರಟೇಬಿಟ್ಟರೆ? ಆದರೆ ಆತ ಮಗ್ಗು ಕೊಟ್ಟು ಪಕ್ಕಕ್ಕೆ ಸರಿದ.

“ಭುಜ ನೋಯ್ಸ್ಕೋಬೇಡ,” ಎಂದ ಮೆಲ್ಲಗೆ.

ಏಕವಚನ ಬೇರೆ! ಹೆಂಗಸು ರೇಗುತ್ತಾರೆಂದು ಅವಳು ಕಾದಳು. ರೇಗಲಿಲ್ಲ. ಹೆಂಗಸು ಸುರಿದರು, ಆತ ಸುರಿದ. ಕೈ ಸೋತಾಗಲೆಲ್ಲ ಮಗ್ಗು ಕೇಳದೆಯೇ ಕೈ ಬದಲಾಯಿತು. ಗಡಿಯಾರ ನೋಡುವುದನ್ನು ಹೆಂಗಸು ಯಾವಾಗ ಬಿಟ್ಟರೋ. ಹನ್ನೆರಡೂಕಾಲಿಗೆ ಜಡ್ಜ್ ಸಾಹೇಬರು ಬಾಲ ಒದರಿದರು, ನೆಟ್ಟಗಾದರು, ಗಂಭೀರವಾಗಿ ತಳಕ್ಕೆ ಇಳಿದರು.

“ಬದುಕಿದ್ರು!” ಎಂದಳು ಗುಮಾಸ್ತೆ. ಮೂವರೂ ನಕ್ಕರು.

“ನಿಲ್ಲಿಸಬೇಡ,” ಎಂದ ಆತ, ಮಗ್ಗು ಹಿಡಿದಿದ್ದ ಹೆಂಗಸಿಗೆ. “ಮೋಟರ್ ಸರಿಹೋಗೋವರೆಗೂ ಸುರೀತಾ ಇರ್ಬೇಕು.”

ಫೋನ್ ಗುನುಗಿತು. ಅಂಗಡಿಯವರು. “ಬೇಜಾರಾಗ್ಬೇಡಿ ಮೇಡಂ, ನಮ್ಮ ಮೆಕ್ಯಾನಿಕ್ ಇನ್ನೂ ಹೊರಟೇ ಇಲ್ಲ. ಸಂಜೆಗೆ ಗ್ಯಾರಂಟಿ.”

ಅವಳು ಫೋನ್ ಹಿಡಿದೇ ಆತನತ್ತ ತಿರುಗಿದಳು. ಹಾಗಾದರೆ ಈತ ಯಾರು? ಅಷ್ಟರಲ್ಲಿ ಕರಿ ಕೋಟು ಕಳಚುತ್ತಾ ವಕೀಲರು ಒಳಗೆ ಬಂದರು.

“ಓಹೋ, ಗಂಡ ಹೆಂಡತಿ ಇಬ್ಬರೂ ಬಂದಿದ್ದೀರಾ? ಒಳ್ಳೇದಾಯ್ತು. ವಿಚ್ಛೇದನದ ಅರ್ಜಿ ಸಿದ್ಧವಾಗಿದೆ, ಸಹಿ ಒಂದು ಹಾಕಿಬಿಟ್ರೆ ಮುಗೀತು.”

ಹೆಂಗಸು ಮಗ್ಗನ್ನು ಆತನ ಕೈಗೆ ದಾಟಿಸಿ, ತಿರುಗಿ ನೋಡದೆಯೇ ಹೇಳಿದರು: “ಈಗ ಆಗಲ್ಲ ಸರ್, ಇಬ್ಬರ ಕೈಯೂ ಒದ್ದೆ.”