ಹೆಸರು ಹಿಡಿಯದ ಕರೆ

ಕಡಲಲ್ಲಿ ಸತ್ತವರು ಆಮೆಯಾಗಿ ಮರಳುವುದು ಗಂಗೊಳ್ಳಿಯವರಿಗೆ ಈಗ ಹೊಸ ಸುದ್ದಿಯೇನಲ್ಲ. ಮಳೆಗಾಲ ಮುಗಿದರೆ ಸಾಕು, ಮನೆಮಂದಿ ದೋಣಿ ಹತ್ತಿ, ಲಾವಾ ಆರಿ ಹುಟ್ಟಿದ ಬೋಳು ಕರಿಗಲ್ಲಿನ ದ್ವೀಪಕ್ಕೆ ಬರುತ್ತಾರೆ. ಕಣ್ಣಿಗೆ ಈಜುಗನ್ನಡಕ, ಬಾಯಿಗೆ ಉಸಿರಿನ ಕೊಳವೆ. ಬಂಡೆಗಳ ಬಳಿ ಕೊಳವೆ ತೆಗೆದು ನೀರೊಳಗೇ ಕರೆಯುತ್ತಾರೆ. ಯಾರನ್ನು ಕರೆದರೋ ಅವರ ಆಮೆ ಬರುತ್ತದೆ.

ಗುಲಾಬಿಯ ಗಂಡನನ್ನು ಇಷ್ಟು ವರ್ಷ ಅವಳ ಅತ್ತೆಯೇ ಕರೆಯುತ್ತಿದ್ದರು. ಈ ಸಲ ಅತ್ತೆ ಇಲ್ಲ.

“ಹೆಸರು ಹಿಡಿದೇ ಕರೀಬೇಕು ಅಕ್ಕಾ,” ಎಂದ ದೋಣಿಯ ಶೀನ. “ಅವರು ಹೋಗಿ ಏಳು ವರ್ಷ ಆಯ್ತಲ್ಲ. ಏಳನೇ ವರ್ಷದ ಕರೆ ತಪ್ಪಿದ್ರೆ ಮತ್ತೆ ಅವರಿಗೆ ಮನೆ ನೆನಪಿರೂದಿಲ್ಲ.”

“ಗಂಡನ ಹೆಸರು ಹೇಳೂದುಂಟಾ ಮಾರಾಯಾ!”

ಅವಳು ನೀರಿಗಿಳಿದಳು. ಕಂಬದಂಥ ಬಂಡೆಗಳ ನಡುವೆ ಹಳದಿ ಮೀನುಗಳು ಚದುರಿದವು. ಮದುವೆಯಾದಂದಿನಿಂದ ಬಾಯಿಗೆ ಬಾರದ ಹೆಸರು ಗಂಟಲವರೆಗೆ ಬಂದು ಅಲ್ಲೇ ನಿಂತಿತು. ಉಸಿರು ಮುಗಿಯುತ್ತ ಬಂದಾಗ, ದಿನಾ ಅಂಗಳಕ್ಕಿಳಿದು ಕರೆಯುತ್ತಿದ್ದ ಹಾಗೇ ಕರೆದುಬಿಟ್ಟಳು: “ಹ್ವಾಯ್, ಊಟಕ್ಕೆ ಬನ್ನಿ.”

ಬಂಡೆಬುಡದ ಕತ್ತಲು ಅಲುಗಿತು. ಆಮೆಗಳು, ಒಂದಲ್ಲ, ಹತ್ತಲ್ಲ. ಹೆಂಡತಿಯ ಬಾಯಲ್ಲಿ ಎಂದೂ ತಮ್ಮ ಹೆಸರು ಕೇಳದ ಆ ಕರಾವಳಿಯ ಗಂಡಂದಿರೆಲ್ಲ, ಕರೆದದ್ದು ತಮ್ಮನ್ನೇ ಎಂದುಕೊಂಡು, ಅವಳತ್ತ ಈಜಿ ಬರುತ್ತಿದ್ದರು.