ಬಾಷುಮಿಯಾನ ಹೊಲದ ಊಟ

"ನಿಂದರ್ರಿ ಮಾಸ್ತರ! ಉಂಡು ಹೋಗ್ರಿ!"

ಹೊಲದಿಂದ ಓಡಿಬಂದು, ಸಗರದಿಂದ ಶಹಾಪುರಕ್ಕೆ ಹೋಗುವ ದಾರಿಗೆ ಅಡ್ಡ ನಿಂತವನು ಬಾಷುಮಿಯಾ. ಅಂದು ಎಳ್ಳ ಅಮಾವಾಸ್ಯೆ. ಬೆಳೆ ನಿಂತ ಹೊಲಕ್ಕೆ ಅಡುಗೆ ಹೊತ್ತೊಯ್ದು, ಮೊದಲು ಭೂಮಿತಾಯಿಗೆ ನೈವೇದ್ಯವೆಂದು ಚರಗ ಚೆಲ್ಲಿ, ಆಮೇಲೆ ದಾರಿಯಲ್ಲಿ ಹೋಗುವವರನ್ನೆಲ್ಲ ಕರೆದು ಉಣಿಸುವ ದಿನ. ಈ ಸೀಮೆಯಲ್ಲಿ ಜಾತಿ ಯಾವುದೇ ಇರಲಿ, ಹೊಲ ಇದ್ದವರು ಇದನ್ನು ಬಿಡುವುದಿಲ್ಲ. ಆ ದಾರಿಯಲ್ಲಿ ಹೊರಟಿದ್ದ ಬೋಧಕ ದೇವಿಂದ್ರಪ್ಪನಿಗೆ ಹೊಲವೂ ಇರಲಿಲ್ಲ, ಕ್ರೈಸ್ತನಾದ ಮೇಲೆ ಚರಗದ ಊಟವನ್ನೂ ಅವನು ಮುಟ್ಟುತ್ತಿರಲಿಲ್ಲ.

"ನಮಗ ನಡಿಯಂಗಿಲ್ಲ ಬಾಷುಭಾಯಿ," ಎಂದ.

ಬೆಳಗಿನಿಂದ ಅವನು ಹೆಂಡತಿ ಶೇಖಮ್ಮನಿಗೆ ಬೈಬಲಿನ ಊರುಗಳ ಹೆಸರು ಬಿಡಿಸಿ ಹೇಳುತ್ತ ನಡೆದಿದ್ದ. ಬೆತ್ಲೆಹೇಮ್ ಎಂದರೆ ರೊಟ್ಟಿಯ ಮನೆ. ರೆಹೋಬೋತ್ ಎಂದರೆ ಎಲ್ಲರಿಗೂ ಆಗುವಷ್ಟು ಜಾಗ. ದೇವರು ತನ್ನವರನ್ನು ಸಾಕುವ ಬಗೆಯೆಲ್ಲ ಊರ ಹೆಸರುಗಳಲ್ಲೇ ಇದೆ ಎಂಬುದು ಅವನ ನೆಚ್ಚಿನ ಮಾತು. ಶೇಖಮ್ಮನಿಗೆ ಆ ಊರುಗಳೆಲ್ಲ ಬಾಯಿಪಾಠವಾಗಿದ್ದವು. ಹೊಟ್ಟೆ ಮಾತ್ರ ಖಾಲಿಯಿತ್ತು.

"ರೊಟ್ಟಿ ಮನಿ ದಾಟಿ ಹೊಂಟೀವಿ ನೋಡ್ರಿ," ಎಂದಳು ಮೆಲ್ಲಗೆ.

ಗಂಡ ನಗಲಿಲ್ಲ. ಬಾಯಲ್ಲಿ ಧರ್ಮದ ಮಾತಿದ್ದರೂ ಊಟ ಬೇಡವೆನ್ನುವ ಕಾರಣ ಬೇರೆ ಎಂದು ಅವಳಿಗೆ ಗೊತ್ತಿತ್ತು. ಅವನು ಚಿಕ್ಕವನಿದ್ದಾಗ ಇಂಥದೇ ಹಬ್ಬದ ದಿನ ಅವನ ಅವ್ವ ಗೌಡರ ಹೊಲದ ಬದುವಿನಾಚೆ ನಿಂತು ಸೆರಗೊಡ್ಡುತ್ತಿದ್ದಳು. ಮುಟ್ಟಿದರೆ ಮೈಲಿಗೆಯೆಂದು ಮೇಲಿನಿಂದ ರೊಟ್ಟಿ ಬೀಳುತ್ತಿತ್ತು. ಆ ಸಿಟ್ಟು ಇನ್ನೂ ಆರಿರಲಿಲ್ಲ. ಪಾಪ, ಅದು ಆರುವಂಥದ್ದೂ ಅಲ್ಲ.

ಬಾಷುಮಿಯಾ ದಾರಿ ಬಿಡಲಿಲ್ಲ. ಹಿಂದೆ ಬೇವಿನ ಗಿಡದ ನೆರಳಲ್ಲಿ ಕಂಬಳಿ ಹಾಸಿತ್ತು. ಸಜ್ಜೆ ರೊಟ್ಟಿಯ ಬುಟ್ಟಿ, ಕಾಳು-ಸೊಪ್ಪು ಬೇಯಿಸಿದ ಭಜ್ಜಿಯ ಗಡಿಗೆ, ಕಡುಬು ಎಲ್ಲ ತುಂಬಿದ್ದು ತುಂಬಿದಂತೇ ಇದ್ದವು. ಅವನ ಹೆಂಡತಿ ನೊಣ ಓಡಿಸುತ್ತ ಕೂತಿದ್ದಳು.

"ಮೊದಲೆಲ್ಲ ಇಲ್ಲಿ ಕೂಡಾಕ ಜಾಗ ಇರ್ತಿರಲಿಲ್ರಿ. ಪೊಲೀಸ್ ಆಕ್ಷನ್ ಆಗಿ ನಿಜಾಮ ಹೋದ ಮ್ಯಾಲ ಇದೇ ಮೊದಲ ಅಮಾಸಿ. ಮುಂಜಾನಿಂದ ಕರಿಯಾಕತ್ತೇನಿ, ಒಬ್ರೂ ಬಂದಿಲ್ಲ. ನಿಜಾಮನ ರಜಾಕಾರರು ಲೂಟಿ ಮಾಡಿದ್ದಕ್ಕ, ನಾನೂ ಮುಸಲ್ಮಾನ ಅಂತ ನನ್ನ ಮಾರಿ ನೋಡಿ ಹೊಳ್ಳಿ ಹೋಗ್ತಾರ. ನಾ ಯಾರ ಮನಿಗೂ ಕೈ ಹಚ್ಚಿದಾಂವ ಅಲ್ರಿ."

ಶೇಖಮ್ಮ ಗಂಡನ ಅಪ್ಪಣೆಗೆ ಕಾಯಲಿಲ್ಲ. ಹೋಗಿ ಕಂಬಳಿಯ ಮೇಲೆ ಕೂತೇಬಿಟ್ಟಳು. ಬದುವಿನಲ್ಲೇ ನಿಂತಿದ್ದ ದೇವಿಂದ್ರಪ್ಪನನ್ನು ಬಾಷುಮಿಯಾ ಕೈಹಿಡಿದು ಕರೆತಂದು, ತಾನು ಉಣ್ಣುವ ಗಂಗಾಳದಲ್ಲೇ ಜೊತೆಗೆ ಉಣ್ಣಲು ಕೂಡಿಸಿಕೊಂಡ.

ಒಂದು ರೊಟ್ಟಿ ಮುಗಿಯುವಷ್ಟರಲ್ಲಿ ಬೋಧಕನ ಚಟ ಎದ್ದಿತು. "ಅಬ್ರಹಾಮ ಮಗನ್ನ ಬಲಿ ಕೊಡಾಕ ಹೋದಾಗ ದೇವರು ಟಗರು ಕೊಟ್ನಲ್ಲ..."

"ಇಬ್ರಾಹಿಂ ಪೈಗಂಬರರ ಕತಿ. ನಮಗೂ ಗೊತ್ತದರಿ."

"ಆ ಜಾಗಕ್ಕ ಇಟ್ಟ ಹೆಸರು? ಯೆಹೋವ ಯೀರೆ. ದೇವರು ಒದಗಸ್ತಾನ ಅಂತ ಅರ್ಥ."

ಬಾಷುಮಿಯಾ ಬುಟ್ಟಿಯ ಕಡೆ ನೋಡಿದ. "ಖರೇರಿ. ರೊಟ್ಟಿ ಒದಗಿಸ್ಯಾನ. ಉಣ್ಣೋರನ್ನೂ ಅವನೇ ಒದಗಿಸಬೇಕು."

ಇಷ್ಟು ವರ್ಷ ಊರೂರು ತಿರುಗಿ ಬೋಧಿಸಿದರೂ ಈ ಮಾತು ದೇವಿಂದ್ರಪ್ಪನಿಗೆ ಹೊಳೆದಿರಲಿಲ್ಲ.

ಅಷ್ಟರಲ್ಲಿ ಜನ ತುಂಬಿದ ಬಂಡಿಯೊಂದು ದಾರಿಯಲ್ಲಿ ಬಂತು. ಬಾಷುಮಿಯಾ ಏಳಲು ಹೋದವನು ಮತ್ತೆ ಕೂತ. ಮತ್ತೊಮ್ಮೆ ಇಲ್ಲ ಅನ್ನಿಸಿಕೊಳ್ಳುವ ಧೈರ್ಯ ಅವನಲ್ಲಿ ಉಳಿದಿರಲಿಲ್ಲ. ದೇವಿಂದ್ರಪ್ಪ ಎಂಜಲುಗೈಯಲ್ಲೇ ಓಡಿಹೋಗಿ ಎತ್ತುಗಳ ಮುಂದೆ ನಿಂತ.

"ಇಳೀರಿ, ಊಟ ತಯಾರದ!"

ಬಂಡಿಯವನು ಹಗ್ಗ ಜಗ್ಗಿ, ಅನುಮಾನದಿಂದ ಗಿಡದ ಕಡೆ ನೋಡಿದ. "ಯಾರ ಹೊಲರಿ ಇದು?"

"ನಮ್ಮದೇ," ಎಂದ ದೇವಿಂದ್ರಪ್ಪ. "ಬರ್ರಿ."